ಬಿಟ್ಟು ಹೋಗುವವರ ಆರ್ಕೆಸ್ಟ್ರಾ

ಯೂತ್ ಆರ್ಕೆಸ್ಟ್ರಾ ಅಂದರೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನುಡಿಸುವ ಹುಡುಗ ಹುಡುಗಿಯರ ದೊಡ್ಡ ವಾದ್ಯವೃಂದ. ಅಲ್ಲಿ ಒಂದು ನಿಯಮ ಇರುತ್ತದೆ. ವಯಸ್ಸು ಮೀರಿದವರು ಹೊರಗೆ ಹೋಗಬೇಕು. ವಿಯೆನ್ನಾದ ಗುಸ್ತಾವ್ ಮಾಹ್ಲರ್ ಯೂತ್ ಆರ್ಕೆಸ್ಟ್ರಾದಲ್ಲಿ 26 ವರ್ಷ ದಾಟಿದವರಿಗೆ ಜಾಗವಿಲ್ಲ. ಯುರೋಪಿಯನ್ ಯೂನಿಯನ್ ಯೂತ್ ಆರ್ಕೆಸ್ಟ್ರಾದಲ್ಲೂ ವಯಸ್ಸಿನ ಮಿತಿ ಇದೆ. ಒಳಗೆ ಇರುವವರೂ ಪ್ರತಿ ವರ್ಷ ಮತ್ತೆ ಆಡಿಷನ್ ಕೊಡಬೇಕು. ಹೋದ ವರ್ಷ ಚೆನ್ನಾಗಿ ನುಡಿಸಿದ್ದೆ ಅನ್ನುವುದು ಈ ವರ್ಷಕ್ಕೆ ಲೆಕ್ಕಕ್ಕಿಲ್ಲ.

ಕಂಡಕ್ಟರ್, ಅಂದರೆ ವೃಂದದ ಎದುರು ನಿಂತು ಕೈ ತೋರಿಸಿ ನಡೆಸುವವರ ಪಾಲಿಗೆ ಇದು ಏನು ಅಂತ ಯೋಚಿಸಿ ನೋಡಿ. ದೊಡ್ಡ ಊರಿನ ವೃತ್ತಿಪರ ಆರ್ಕೆಸ್ಟ್ರಾದ ಜೊತೆ ಒಬ್ಬರು ಹತ್ತು ವರ್ಷ ಇದ್ದರೆ ಆ ವೃಂದದ ನಾದವೇ ಅವರ ಕೈಯಲ್ಲಿ ಪಳಗುತ್ತದೆ. ಯೂತ್ ಆರ್ಕೆಸ್ಟ್ರಾದಲ್ಲಿ ಆ ಭಾಗ್ಯ ಇಲ್ಲ. ಹಾರ್ನ್ ಅನ್ನುವ ಊದುವ ವಾದ್ಯ ನುಡಿಸುವ ನಾಲ್ವರು ಒಂದೇ ಉಸಿರಿನಲ್ಲಿ ನುಡಿಸುವುದನ್ನು ಕಲಿತರು ಅನ್ನುವಷ್ಟರಲ್ಲಿ ಇಬ್ಬರಿಗೆ ವಯಸ್ಸು ಮೀರಿರುತ್ತದೆ. ಮತ್ತೊಬ್ಬರಿಗೆ ಎಲ್ಲೋ ಕೆಲಸ ಸಿಕ್ಕಿರುತ್ತದೆ. ಮುಂದಿನ ವರ್ಷ ಮತ್ತೆ ಮೊದಲಿನಿಂದ ಶುರು.

ಹಾಗಾಗಿಯೇ ಇರಬೇಕು, ಪಾಶ್ಚಾತ್ಯ ಸಂಗೀತದ ಲೋಕದಲ್ಲಿ ಈ ಕೆಲಸವನ್ನು ಮೊದಲ ಮೆಟ್ಟಿಲು ಅಂತಲೇ ನೋಡುತ್ತಾರೆ. ಕಲಿತು ಹೊರಬಂದ ಹೊಸ ಕಂಡಕ್ಟರ್ ಮೊದಲು ಯೂತ್ ಆರ್ಕೆಸ್ಟ್ರಾ ಹಿಡಿಯುತ್ತಾರೆ. ಆಮೇಲೆ ಯಾವುದೋ ಊರಿನ ಆರ್ಕೆಸ್ಟ್ರಾದಲ್ಲಿ ಸಹಾಯಕರಾಗುತ್ತಾರೆ. ಆಮೇಲೆ ಅದಕ್ಕಿಂತ ದೊಡ್ಡ ಊರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನನ್ನ ಆಸಕ್ತಿ ಬೇರೆ ಥರದವರ ಮೇಲೆ. ಬಿಟ್ಟು ಹೋಗುವವರು ಅಂತ ಗೊತ್ತಿದ್ದೂ ಅವರಿಗಾಗಿಯೇ ತಮ್ಮ ಬದುಕಿನ ಒಳ್ಳೆಯ ವರ್ಷಗಳನ್ನು ಕೊಟ್ಟವರ ಮೇಲೆ.

ಈ ಆಸಕ್ತಿಗೆ ನನ್ನದೇ ಕಾರಣ ಇದೆ. ನಾನು ಮೈಸೂರಿನಲ್ಲಿ ಮಕ್ಕಳಿಗೆ ಸಮೂಹ ಗಾಯನ ಹೇಳಿಕೊಡುತ್ತೇನೆ. ಆರನೇ ಕ್ಲಾಸು, ಏಳನೇ ಕ್ಲಾಸಿನಲ್ಲಿ ಬರುತ್ತಾರೆ. ಮೊದಲ ವರ್ಷ ಪ್ರತಿಯೊಬ್ಬರೂ ತಮ್ಮ ದನಿಯೇ ಮೇಲೆ ಕೇಳಬೇಕು ಅಂತ ಹಾಡುತ್ತಾರೆ. ನಿಧಾನಕ್ಕೆ ಪಕ್ಕದವರ ದನಿ ಕಿವಿಗೆ ಬೀಳಲು ಶುರುವಾಗುತ್ತದೆ. ಒಂಬತ್ತನೇ ಕ್ಲಾಸಿನ ಹೊತ್ತಿಗೆ ಇಪ್ಪತ್ತು ದನಿ ಒಂದೇ ಶ್ರುತಿಗೆ ಬಂದು ಕೂರುತ್ತದೆ. ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ. ಮಿಸ್, ಈ ವರ್ಷ ಟ್ಯೂಷನ್ ಇದೆ, ಪರೀಕ್ಷೆ ಮುಗಿದ ಮೇಲೆ ಬರ್ತೀವಿ ಅಂತ ಹೇಳಿ ಹೋಗುತ್ತಾರೆ. ಆಮೇಲೆ ಪಿಯುಸಿ, ಸಿಇಟಿ. ಹೆಚ್ಚಿನವರು ಬರುವುದಿಲ್ಲ. ಮಕ್ಕಳಿಗೆ ಸಂಗೀತ ಕಲಿಸುವವರಿಗೆಲ್ಲ ಇದು ಗೊತ್ತಿರುವ ಸಂಗತಿಯೇ. ಹಾಗಾಗಿ ನೂರು ವಾದ್ಯಗಳ ಮಟ್ಟದಲ್ಲಿ ಇದನ್ನು ಎದುರಿಸಿದವರು ಹೇಗೆ ಬದುಕಿದರು ಅಂತ ಓದುವುದು, ಅವರ ವಿಡಿಯೋಗಳನ್ನು ನೋಡುವುದು ನನಗೆ ಸುಮ್ಮನೆ ಹವ್ಯಾಸ ಅಲ್ಲ.

ಮೊದಲು ಮೆಹ್ಲಿ ಮೆಹ್ತಾ ಅವರ ಮಾತು. ಜ಼ುಬಿನ್ ಮೆಹ್ತಾ ಅನ್ನುವ ಕಂಡಕ್ಟರ್ ಹೆಸರು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅವರ ಅಪ್ಪನ ಹೆಸರು ಅಷ್ಟು ಜನಕ್ಕೆ ಗೊತ್ತಿಲ್ಲ. ಮೆಹ್ಲಿ 1908ರಲ್ಲಿ ಮುಂಬೈನ ಪಾರ್ಸಿ ಕುಟುಂಬದಲ್ಲಿ ಹುಟ್ಟಿದವರು. ಆ ಕಾಲದ ಮುಂಬೈನಲ್ಲಿ ಪಾಶ್ಚಾತ್ಯ ಪಿಟೀಲು ಕಲಿಯುವುದು ಅಂದರೆ ಬಹುಪಾಲು ತಾವೇ ದಾರಿ ಹುಡುಕಿಕೊಂಡು ಕಲಿಯುವುದು. 1935ರಲ್ಲಿ ಅವರು ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದರು. ಅದರಲ್ಲಿ ಪಾರ್ಸಿ ಹವ್ಯಾಸಿಗಳಿದ್ದರು, ಗೋವಾ ಮೂಲದ ಕಲಾವಿದರಿದ್ದರು, ನೌಕಾಪಡೆಯ ಬ್ಯಾಂಡಿನವರಿದ್ದರು. ಸಿಕ್ಕವರನ್ನೆಲ್ಲ ಸೇರಿಸಿ ಬೀಥೋವನ್ ನುಡಿಸುವ ಕೆಲಸ ಅದು. 1940ರಲ್ಲಿ ಒಂದು ಸ್ಟ್ರಿಂಗ್ ಕ್ವಾರ್ಟೆಟ್, ಅಂದರೆ ನಾಲ್ಕು ತಂತಿ ವಾದ್ಯಗಳ ಮೇಳ ಕೂಡ ಕಟ್ಟಿದರು. ಮನೆಯಲ್ಲೇ ತಾಲೀಮು ನಡೆಯುತ್ತಿತ್ತು. ಅದನ್ನು ಕೇಳುತ್ತಲೇ ಮಗ ಜ಼ುಬಿನ್ ಬೆಳೆದರು.

ಮೆಹ್ಲಿ ಅಷ್ಟಕ್ಕೇ ನಿಲ್ಲಲಿಲ್ಲ. ಮೂವತ್ತೇಳರ ಆಸುಪಾಸಿನಲ್ಲಿ, ಮನೆ ಮಕ್ಕಳು ಇದ್ದಾಗ, ನ್ಯೂಯಾರ್ಕಿಗೆ ಹೋಗಿ ಪಿಟೀಲು ಗುರು ಐವನ್ ಗಲಾಮಿಯನ್ ಹತ್ತಿರ ಮತ್ತೆ ಶಿಷ್ಯರಾದರು. ಕೆಲವು ವರ್ಷ ಅಲ್ಲಿ ಕಲಿತು ವಾಪಸ್ ಬಂದರು. 1955ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ಗೆ ಹೋಗಿ ಹ್ಯಾಲೆ ಆರ್ಕೆಸ್ಟ್ರಾ ಸೇರಿದರು. ಅಲ್ಲಿ ಜಾನ್ ಬಾರ್ಬಿರೋಲಿ ಕಂಡಕ್ಟರ್. ಮುಂಬೈನಲ್ಲಿ ತಾವೇ ಆರ್ಕೆಸ್ಟ್ರಾ ಕಟ್ಟಿ ನಡೆಸಿದವರು, ಇಲ್ಲಿ ಬೇರೆಯವರ ಕೈ ನೋಡಿಕೊಂಡು ಪಿಟೀಲು ಸಾಲಿನಲ್ಲಿ ಕೂತರು. ಅಲ್ಲಿಂದ ಅಮೆರಿಕದ ಫಿಲಡೆಲ್ಫಿಯಾ, ಕರ್ಟಿಸ್ ಕ್ವಾರ್ಟೆಟ್. ಕೊನೆಗೆ 1964ರಲ್ಲಿ ಲಾಸ್ ಏಂಜಲೀಸ್.

ಆಗ ಅವರಿಗೆ 56 ವರ್ಷ. ಮಗ ಅದೇ ಊರಿನ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾದ ಸಂಗೀತ ನಿರ್ದೇಶಕ. ಅಪ್ಪ ಯೂನಿವರ್ಸಿಟಿಯಲ್ಲಿ ವಿದ್ಯಾರ್ಥಿಗಳ ಆರ್ಕೆಸ್ಟ್ರಾ ನೋಡಿಕೊಳ್ಳುತ್ತಾ, ಅದರ ಜೊತೆಗೇ ಅಮೆರಿಕನ್ ಯೂತ್ ಸಿಂಫನಿ ಅಂತ ಹೊಸದೊಂದನ್ನು ಶುರು ಮಾಡಿದರು. ನಮ್ಮಲ್ಲಿ 56 ಅಂದರೆ ರಿಟೈರ್‌ಮೆಂಟ್ ಲೆಕ್ಕ ಹಾಕುವ ವಯಸ್ಸು. ಅವರು ಆ ವಯಸ್ಸಿನಲ್ಲಿ ಶುರು ಮಾಡಿದ್ದನ್ನು 33 ವರ್ಷ ನಡೆಸಿದರು. 1998ರಲ್ಲಿ ಅದು ಅಲೆಕ್ಸಾಂಡರ್ ಟ್ರೆಗರ್ ಅವರ ಕೈಗೆ ಬಂದಾಗ ಮೆಹ್ಲಿ ತೊಂಬತ್ತರ ಹತ್ತಿರ ಇದ್ದರು. 2002ರಲ್ಲಿ ತೀರಿಕೊಂಡರು.

33 ವರ್ಷ ಅಂದರೆ ಎಷ್ಟು ತಂಡಗಳು ಬಂದು ಹೋಗಿರಬೇಕು! ಹದಿನಾರು ಹದಿನೇಳರಲ್ಲಿ ಬಂದವರು ಇಪ್ಪತ್ತೈದರ ಹೊತ್ತಿಗೆ ಹೋಗುತ್ತಾರೆ. ಮತ್ತೆ ಹೊಸಬರು. ಮತ್ತೆ ಅದೇ ಬ್ರಾಮ್ಸ್, ಅದೇ ಚೈಕೋವ್‌ಸ್ಕಿ, ಮೊದಲ ಸಲ ನುಡಿಸುವವರಿಗೆ ಮೊದಲಿನಿಂದ ಹೇಳಿಕೊಡಬೇಕು. ಯೂನಿವರ್ಸಿಟಿಯ ರಾಯ್ಸ್ ಹಾಲ್‌ನಲ್ಲಿ ಅವರ ಕಛೇರಿಗಳಿಗೆ ಟಿಕೆಟ್ ಇರುತ್ತಿರಲಿಲ್ಲ. ಯಾರು ಬೇಕಾದರೂ ಬಂದು ಕೇಳಬಹುದಿತ್ತು. ಅಲ್ಲಿಂದ ಹೊರಟವರು ಅಮೆರಿಕದ ಬೇರೆ ಬೇರೆ ಆರ್ಕೆಸ್ಟ್ರಾಗಳಲ್ಲಿ ಹೋಗಿ ಕೂತರು. ಮೆಹ್ಲಿ ಅದೇ ಜಾಗದಲ್ಲಿ ನಿಂತಿದ್ದರು. ಇದು ಒಂದು ಬಗೆಯ ಉತ್ತರ. ಹೋಗುವವರು ಹೋಗಲಿ, ನಾನು ಇಲ್ಲೇ ಇರುತ್ತೇನೆ, ಬರುವವರಿಗೆ ಯಾರಾದರೂ ಬೇಕಲ್ಲ.

ನನಗೆ ಇವರ ಮೇಲೆ ವಿಶೇಷ ಗೌರವ. ಜ಼ುಬಿನ್ ಅವರ ಬಗ್ಗೆ ನಮ್ಮ ಪತ್ರಿಕೆಗಳು ಬರೆದದ್ದರಲ್ಲಿ ಹತ್ತರಲ್ಲಿ ಒಂದು ಪಾಲನ್ನಾದರೂ ಮೆಹ್ಲಿ ಬಗ್ಗೆ ಬರೆಯಬೇಕಿತ್ತು ಅನ್ನಿಸುತ್ತದೆ.

ಇನ್ನೊಂದು ಬಗೆಯ ಉತ್ತರ ಕೊಟ್ಟವರು ಜ಼ುಬಿನ್ ಅವರ ಗೆಳೆಯ, ಇಟಲಿಯ ಕ್ಲೌದಿಯೊ ಅಬ್ಬಾದೊ. 1933ರಲ್ಲಿ ಮಿಲಾನ್‌ನಲ್ಲಿ ಹುಟ್ಟಿದವರು. ಅಪ್ಪ ಪಿಟೀಲು ವಾದಕ, ಅಮ್ಮ ಪಿಯಾನೊ ನುಡಿಸುತ್ತಿದ್ದರು. ಮನೆಮಂದಿಯೆಲ್ಲ ಸೇರಿ ನುಡಿಸುವ ಮನೆ. ನಾಲ್ಕು ಜನ ಕೂತು ನುಡಿಸುವಾಗ ಕೈ ತೋರಿಸಿ ನಡೆಸುವವರು ಯಾರೂ ಇರುವುದಿಲ್ಲ. ಒಬ್ಬರ ಉಸಿರು ಇನ್ನೊಬ್ಬರು ಕೇಳಿಸಿಕೊಂಡು ನುಡಿಸಬೇಕು. ಅಬ್ಬಾದೊ ಸಂಗೀತ ಕಲಿತದ್ದು ಮೊದಲು ಹೀಗೆ.

ಹುಡುಗನಾಗಿದ್ದಾಗ ಅವರು ಮಿಲಾನ್‌ನಲ್ಲಿ ದೊಡ್ಡ ಕಂಡಕ್ಟರ್ಗಳಾದ ತೋಸ್ಕನೀನಿ ಮತ್ತು ಫುರ್ಟ್‌ವೆಂಗ್ಲರ್ ಇಬ್ಬರ ತಾಲೀಮುಗಳನ್ನೂ ನೋಡಿದ್ದರು. ತೋಸ್ಕನೀನಿ ವಾದಕರ ಮೇಲೆ ಕೂಗಾಡುತ್ತಿದ್ದದ್ದು ಅವರಿಗೆ ಹಿಡಿಸಲಿಲ್ಲ. ಮನಸ್ಸಿಗೆ ಹತ್ತಿರವಾದದ್ದು ಫುರ್ಟ್‌ವೆಂಗ್ಲರ್. (ಮೈಸೂರಿನವರಿಗೆ ಈ ಹೆಸರಿನ ಜೊತೆ ಒಂದು ನಂಟು ಇದೆ. ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು ಮೊದಲ ಸಲ ಸಭೆಯಲ್ಲಿ ಕೇಳಿಸಿದ್ದು 1950ರ ಮೇ ತಿಂಗಳಲ್ಲಿ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ನಡೆಸಿದವರು ಫುರ್ಟ್‌ವೆಂಗ್ಲರ್. ಆ ಕಛೇರಿಯ ಹಿಂದೆ ನಿಂತ ಹಣ ನಮ್ಮ ಜಯಚಾಮರಾಜೇಂದ್ರ ಒಡೆಯರ್ ಅವರದ್ದು.)

1956ರಲ್ಲಿ ಇಟಲಿಯ ಸಿಯೆನಾದ ಬೇಸಿಗೆ ತರಗತಿಯಲ್ಲಿ ಅಬ್ಬಾದೊ ಮತ್ತು ಜ಼ುಬಿನ್ ಜೊತೆಯಾದರು. ಆಮೇಲೆ ಇಬ್ಬರೂ ವಿಯೆನ್ನಾದಲ್ಲಿ ಹಾನ್ಸ್ ಸ್ವರೋವ್‌ಸ್ಕಿ ಅವರ ಶಿಷ್ಯರು. ದೊಡ್ಡ ಕಂಡಕ್ಟರ್‌ಗಳ ತಾಲೀಮಿಗೆ ಹೊರಗಿನವರನ್ನು ಬಿಡುತ್ತಿರಲಿಲ್ಲ. ಅದಕ್ಕೆ ಇಬ್ಬರೂ ಅಲ್ಲಿನ ಗಾಯನ ವೃಂದ ಸೇರಿ ಮಂದ್ರ ದನಿಯವರ ಸಾಲಿನಲ್ಲಿ ನಿಂತು ಹಾಡಿದರು. ಹಾಡುತ್ತಾ ಬ್ರೂನೊ ವಾಲ್ಟರ್, ಕರಯಾನ್ ಅಂಥವರ ಕೈ ನೋಡಿ ಕಲಿತರು. ಗಾಯನ ವೃಂದದಲ್ಲಿ ನಿಂತವರಿಗೆ ಕಂಡಕ್ಟರ್ ಮುಖ ಎದುರಿಗೇ ಕಾಣುತ್ತದೆ. ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

1958ರಲ್ಲಿ ಅಮೆರಿಕದ ಟ್ಯಾಂಗಲ್‌ವುಡ್‌ನಲ್ಲಿ ಕೂಸೆವಿಟ್‌ಸ್ಕಿ ಬಹುಮಾನ ಬಂತು. ಆಮೇಲೆ ಅವರು ಕೆಲವು ವರ್ಷ ಪಾರ್ಮಾ ಊರಿನ ಸಂಗೀತ ವಿದ್ಯಾಲಯದಲ್ಲಿ ಹುಡುಗರಿಗೆ ಚೇಂಬರ್ ಮ್ಯೂಸಿಕ್, ಅಂದರೆ ಕೆಲವೇ ಜನ ಕೂತು ನುಡಿಸುವ ಸಂಗೀತ ಕಲಿಸಿದರು. ಅವರ ಬಗ್ಗೆ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಮಾತ್ರ ಮುಂದೆ ನಡೆದದ್ದೆಲ್ಲ ಪಾರ್ಮಾದಿಂದಲೇ ಬಂತು ಅನ್ನಿಸುತ್ತದೆ. ಮೂರು ನಾಲ್ಕು ಜನ ಕೂತು ನುಡಿಸುವ ರೀತಿಯಲ್ಲೇ ನೂರು ಜನ ನುಡಿಸಿದರೆ ಹೇಗಿರುತ್ತದೆ? ಅವರು ಜೀವನವೆಲ್ಲ ಹುಡುಕಿದ್ದು ಇದನ್ನೇ.

ಉಳಿದ ಮೆಟ್ಟಿಲುಗಳನ್ನು ಬೇಗ ಹೇಳಿಬಿಡುತ್ತೇನೆ. ಮಿಲಾನ್‌ನ ಆಪೆರಾ ಮಂದಿರ ಲಾ ಸ್ಕಾಲಾ, ಲಂಡನ್ ಸಿಂಫನಿ ಆರ್ಕೆಸ್ಟ್ರಾ, ವಿಯೆನ್ನಾ ಸ್ಟೇಟ್ ಆಪೆರಾ, 1990ರಿಂದ 2002ರವರೆಗೆ ಬರ್ಲಿನ್ ಫಿಲ್ಹಾರ್ಮೋನಿಕ್. ಇದಕ್ಕಿಂತ ಮೇಲೆ ಹತ್ತಲು ಮೆಟ್ಟಿಲೇ ಇಲ್ಲ.

ಈಗ ಈ ವರ್ಷಗಳ ನಡುವೆ ಇನ್ನೆರಡು ವರ್ಷಗಳನ್ನು ಇಟ್ಟು ನೋಡಿ. 1978ರಲ್ಲಿ ಯುರೋಪಿಯನ್ ಕಮ್ಯುನಿಟಿ ಯೂತ್ ಆರ್ಕೆಸ್ಟ್ರಾ (ಈಗಿನ ಯುರೋಪಿಯನ್ ಯೂನಿಯನ್ ಯೂತ್ ಆರ್ಕೆಸ್ಟ್ರಾ ಇದೇ) ಮೊದಲ ಪ್ರವಾಸ ಹೊರಟಾಗ ಅದರ ಸಂಗೀತ ನಿರ್ದೇಶಕ ಅಬ್ಬಾದೊ. ಆಗ ಅವರು ಲಾ ಸ್ಕಾಲಾದ ಮುಖ್ಯಸ್ಥರು. 1986ರಲ್ಲಿ ವಿಯೆನ್ನಾದಲ್ಲಿ ಗುಸ್ತಾವ್ ಮಾಹ್ಲರ್ ಯೂತ್ ಆರ್ಕೆಸ್ಟ್ರಾ ಹುಟ್ಟು ಹಾಕಿದರು. ಅದೇ ವರ್ಷ ಅವರು ಸ್ಟೇಟ್ ಆಪೆರಾದ ಸಂಗೀತ ನಿರ್ದೇಶಕರಾದರು. ಹತ್ತುವಾಗ ಸಿಕ್ಕ ಮೆಟ್ಟಿಲಲ್ಲ ಇವು. ತುದಿಯಲ್ಲಿ ನಿಂತಿದ್ದಾಗ ಬೇಕು ಅಂತಲೇ ಮಾಡಿದ ಕೆಲಸ.

ಎರಡನೆಯದು ಯಾಕೆ ಬೇಕಾಯಿತು ಅನ್ನುವುದೂ ದೊಡ್ಡ ಕತೆಯೇ. ಮೊದಲನೆಯದರಲ್ಲಿ ಯುರೋಪಿಯನ್ ಕಮ್ಯುನಿಟಿಯ ಸದಸ್ಯ ದೇಶಗಳ ಮಕ್ಕಳಿಗೆ ಮಾತ್ರ ಪ್ರವೇಶ. ಆಸ್ಟ್ರಿಯಾ ಆಗ ಸದಸ್ಯ ದೇಶ ಅಲ್ಲ. ಹಂಗೇರಿ, ಚೆಕೊಸ್ಲೊವಾಕಿಯಾ ಅಂತೂ ಸೋವಿಯತ್ ಬಣದಲ್ಲಿದ್ದವು. ಒಂದು ಕಾಲಕ್ಕೆ ಪ್ರಾಗ್, ಬುಡಾಪೆಸ್ಟ್, ವಿಯೆನ್ನಾ ಒಂದೇ ಸಂಗೀತದ ಅಂಗಳ. ಸಂಗೀತ ರಚನಕಾರ ಮಾಹ್ಲರ್ ಹುಟ್ಟಿದ್ದು ಈಗಿನ ಚೆಕ್ ದೇಶದ ಬೊಹೆಮಿಯಾದಲ್ಲಿ, ದುಡಿದದ್ದು ಬುಡಾಪೆಸ್ಟ್‌ನಲ್ಲಿ, ವಿಯೆನ್ನಾದಲ್ಲಿ. ಆ ಅಂಗಳದ ನಡುವೆ ಮುಳ್ಳುತಂತಿ ಬಿದ್ದಿತ್ತು. ಅಬ್ಬಾದೊ ಆ ದೇಶಗಳಲ್ಲಿ ಆಡಿಷನ್ ನಡೆಸಿ ಮೂರೂ ಕಡೆಯ ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಿದರು. ಅದಕ್ಕೆ ಮಾಹ್ಲರ್ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಬರ್ಲಿನ್ ಗೋಡೆ ಬೀಳಲು ಇನ್ನೂ ಮೂರು ವರ್ಷ ಇತ್ತು. ಗೋಡೆ ಬಿದ್ದ ಮೇಲೆ, 1992ರಿಂದ, ಯುರೋಪಿನ ಎಲ್ಲ ಕಡೆಯವರಿಗೂ ಬಾಗಿಲು ತೆರೆಯಿತು.

ಇಂಥ ಆರ್ಕೆಸ್ಟ್ರಾ ನಡೆಯುವ ಬಗೆ ಹೇಳಬೇಕು. ಈಸ್ಟರ್ ರಜೆಯಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಎಲ್ಲರೂ ಒಂದು ಊರಿನಲ್ಲಿ ಸೇರುತ್ತಾರೆ. ಮೊದಲ ದಿನಗಳಲ್ಲಿ ಕಂಡಕ್ಟರ್ ಬರುವುದಿಲ್ಲ. ವಿಯೆನ್ನಾ, ಬರ್ಲಿನ್‌ನಂಥ ಆರ್ಕೆಸ್ಟ್ರಾಗಳ ಹಿರಿಯ ವಾದಕರು ಬಂದು ಒಂದೊಂದು ವಾದ್ಯದ ಗುಂಪನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿಕೊಂಡು ತಿದ್ದುತ್ತಾರೆ. ಚೆಲ್ಲೊದವರು ಒಂದು ಕಡೆ, ಓಬೋದವರು ಒಂದು ಕಡೆ. ಬಿಲ್ಲು ಎಲ್ಲಿ ತಿರುಗಬೇಕು, ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅನ್ನುವುದೆಲ್ಲ ಅಲ್ಲಿ ತೀರ್ಮಾನ. ಆಮೇಲೆ ಎಲ್ಲರೂ ಸೇರಿ ತಾಲೀಮು. ಕೊನೆಗೆ ಊರೂರು ಕಛೇರಿ.

ಇಲ್ಲಿ ಒಂದು ಗುಟ್ಟು ಇದೆ. ಹೆಸರಾಂತ ವೃತ್ತಿಪರ ಆರ್ಕೆಸ್ಟ್ರಾಗೆ ಒಂದು ಕಛೇರಿಗೆ ಸಿಗುವುದು ಎರಡು ಮೂರು ದಿನದ ತಾಲೀಮು. ಎಲ್ಲರಿಗೂ ಸಂಬಳದ ಗಂಟೆ ಲೆಕ್ಕ, ಮುಂದಿನ ವಾರ ಇನ್ನೊಂದು ಕಛೇರಿ. ಯೂತ್ ಆರ್ಕೆಸ್ಟ್ರಾದಲ್ಲಿ ವಾರಗಟ್ಟಲೆ ಸಮಯ ಇರುತ್ತದೆ. ಮಾಹ್ಲರ್ ಸಿಂಫನಿಯನ್ನು, ಅಂದರೆ ಇಡೀ ಆರ್ಕೆಸ್ಟ್ರಾಗೆ ಅಂತ ಬರೆದ ದೊಡ್ಡ ರಚನೆಯನ್ನು, ನೂರು ಸಲ ನುಡಿಸಿ ದಣಿದವರು ಅಲ್ಲಿ ಯಾರೂ ಇಲ್ಲ. ಅದನ್ನು ಮೊದಲ ಸಲ ನುಡಿಸುತ್ತಿರುವ ಹತ್ತೊಂಬತ್ತರ ಹುಡುಗಿಗೆ ಅದು ಇನ್ನೂ ಬೆರಗಿನ ಸಂಗತಿ. ಜೊತೆಗೆ ಮಾಹ್ಲರ್ ಅಂದರೆ ದೊಡ್ಡ ಬಳಗ. ಎಂಟು ಹಾರ್ನ್ ಬೇಕಾಗುವ ಸಿಂಫನಿಗಳಿವೆ. ಅಂದರೆ ಎಂಟು ಮಕ್ಕಳಿಗೆ ಅವಕಾಶ. ದೊಡ್ಡ ಕಂಡಕ್ಟರ್‌ಗಳು ಯೂತ್ ಆರ್ಕೆಸ್ಟ್ರಾ ಕಡೆ ಬರುವುದನ್ನು ತ್ಯಾಗ ಅಂತ ಹೇಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅವರಿಗೆ ಅಲ್ಲಿ ಸಿಗುವ ಸಂಗೀತ ಬೇರೆಲ್ಲೂ ಸಿಗುವುದಿಲ್ಲ.

ಅಬ್ಬಾದೊ ತಾಲೀಮಿನಲ್ಲಿ ಬಹಳ ಕಡಿಮೆ ಮಾತಾಡುತ್ತಿದ್ದರು. ಬರ್ಲಿನ್‌ನಲ್ಲಿ ಕೆಲವು ವಾದಕರಿಗೆ ಇದೇ ದೂರು. ಏನು ಬೇಕು ಅಂತ ಸರಿಯಾಗಿ ಹೇಳುವುದಿಲ್ಲ ಅಂತ. ಅವರು ಮತ್ತೆ ಮತ್ತೆ ಹೇಳುತ್ತಿದ್ದದ್ದು ಒಂದೇ, ಕೇಳಿಸಿಕೊಳ್ಳಿ ಅಂತ. ಓಬೋ ಅನ್ನುವ ಊದುವ ವಾದ್ಯ ಎಲ್ಲಿಗೆ ಹೋಗುತ್ತಿದೆ ಅಂತ ಕೇಳಿಸಿಕೊಂಡು ಪಿಟೀಲು ಅಲ್ಲಿಗೆ ಹೋಗಬೇಕು, ಕೋಲು ನೋಡಿಕೊಂಡಲ್ಲ. ನಮ್ಮ ಕಛೇರಿಗಳಲ್ಲಿ ಪಕ್ಕವಾದ್ಯದ ಪಿಟೀಲಿನವರು ಮಾಡುವುದು ಇದನ್ನೇ ಅಲ್ವಾ? ಗಾಯಕರು ಆಲಾಪನೆಯಲ್ಲಿ ಎಲ್ಲಿಗೆ ಹೋಗುತ್ತಾರೋ ಅಲ್ಲಿಗೆ ಒಂದು ಉಸಿರು ಹಿಂದೆ ಇವರೂ ಹೋಗುತ್ತಾರೆ, ಮುಂದೆ ಬರೆದದ್ದು ಏನೂ ಇಲ್ಲದೆ. ಇಡೀ ಆರ್ಕೆಸ್ಟ್ರಾ ಆ ರೀತಿಯ ಕಿವಿ ಇಟ್ಟುಕೊಳ್ಳಬೇಕು ಅನ್ನುವುದು ಅಬ್ಬಾದೊ ಆಸೆ. ಅನುಭವಿಗಳಿಗಿಂತ ಮಕ್ಕಳಿಗೆ ಇದು ಸುಲಭವಾಗಿ ಬರುತ್ತಿತ್ತು. ಅವರಿಗೆ ಇನ್ನೂ ರೂಢಿ ಬಿದ್ದಿರುವುದಿಲ್ಲವಲ್ಲ. ನನ್ನ ಮಕ್ಕಳಲ್ಲೂ ಇದನ್ನು ಕಂಡಿದ್ದೇನೆ. ಜೋರಾಗಿ ಹಾಡಬೇಡಿ ಅಂದರೆ ದನಿ ಸಪ್ಪೆಯಾಗುತ್ತದೆ. ಪಕ್ಕದವಳ ದನಿ ನಿನಗೆ ಕೇಳಿಸುವಷ್ಟು ಹಾಡು ಅಂದರೆ ದನಿ ತಾನೇ ಹದಕ್ಕೆ ಬರುತ್ತದೆ.

ಎಲ್ಲರೂ ಮಾಯೆಸ್ತ್ರೊ ಅಂತ ಕರೆಯುವ ಲೋಕದಲ್ಲಿ ಅವರು ನನ್ನನ್ನು ಕ್ಲೌದಿಯೊ ಅಂತಲೇ ಕರೆಯಿರಿ ಅನ್ನುತ್ತಿದ್ದರು. ಗುರುಗಳನ್ನು ಹೆಸರು ಹಿಡಿದು ಕರೆಯುವುದು ನಮಗೆ ಒಗ್ಗದ ಮಾತು, ನಿಜ. ಆದರೆ ಅದರ ಹಿಂದಿನ ಆಶಯ ಅರ್ಥವಾಗುತ್ತದೆ. ಹೆದರಿದ ಕಿವಿಗೆ ಪಕ್ಕದವರ ಸ್ವರ ಕೇಳಿಸುವುದಿಲ್ಲ.

ಈಗ ಬಿಟ್ಟು ಹೋಗುವವರ ವಿಷಯಕ್ಕೆ ಬರುತ್ತೇನೆ. 1981ರಲ್ಲಿ ಮೊದಲ ಯೂತ್ ಆರ್ಕೆಸ್ಟ್ರಾದಿಂದ ವಯಸ್ಸು ಮೀರಿ ಹೊರಬಿದ್ದ ಕೆಲವರಿಗೆ ಒಬ್ಬರನ್ನೊಬ್ಬರು ಬಿಡಲು ಮನಸ್ಸಾಗಲಿಲ್ಲ. ತಾವೇ ಸೇರಿ ಚೇಂಬರ್ ಆರ್ಕೆಸ್ಟ್ರಾ ಆಫ್ ಯುರೋಪ್ ಅನ್ನುವ ಚಿಕ್ಕ ವಾದ್ಯವೃಂದ ಕಟ್ಟಿಕೊಂಡರು. ಅಬ್ಬಾದೊ ಅವರ ಬೆನ್ನಿಗೆ ನಿಂತರು, ಅವರ ಜೊತೆ ಶುಬರ್ಟ್ ಸಿಂಫನಿಗಳನ್ನು ರೆಕಾರ್ಡ್ ಮಾಡಿದರು. 1997ರಲ್ಲಿ ಎರಡನೆಯ ಆರ್ಕೆಸ್ಟ್ರಾದಿಂದ ಹೊರಬಂದವರು ಅದೇ ಥರ ಮಾಹ್ಲರ್ ಚೇಂಬರ್ ಆರ್ಕೆಸ್ಟ್ರಾ ಕಟ್ಟಿದರು. ಅಲ್ಲೂ ಅಬ್ಬಾದೊ ಜೊತೆಗಿದ್ದರು. ಎರಡೂ ವಾದಕರೇ ನಡೆಸುವ ಸಂಸ್ಥೆಗಳು. ಎರಡೂ ಇಂದಿಗೂ ಇವೆ.

2000ದಲ್ಲಿ ಅವರಿಗೆ ಹೊಟ್ಟೆಯ ಕ್ಯಾನ್ಸರ್ ಆಯಿತು. ಆಪರೇಷನ್ ಮಾಡಿ ಹೊಟ್ಟೆಯ ದೊಡ್ಡ ಭಾಗ ತೆಗೆದರು. ಬದುಕಿದರು. ಬರ್ಲಿನ್ ಬಿಟ್ಟ ಮೇಲೆ ಸ್ವಿಟ್ಜರ್ಲೆಂಡಿನ ಲುಸರ್ನ್‌ನಲ್ಲಿ 2003ರಿಂದ ಅಲ್ಲಿನ ಸಂಗೀತೋತ್ಸವಕ್ಕೆ ಅಂತ ಒಂದು ಆರ್ಕೆಸ್ಟ್ರಾ ಕಟ್ಟಿದರು. ಅದರ ಮೈಕಟ್ಟು ಮಾಹ್ಲರ್ ಚೇಂಬರ್ ಆರ್ಕೆಸ್ಟ್ರಾದವರು. ಮುಂದಿನ ಕುರ್ಚಿಗಳಲ್ಲಿ ಕ್ಲಾರಿನೆಟ್‌ನ ಸಬೀನಾ ಮೇಯರ್, ಚೆಲ್ಲೊದ ನತಾಲಿಯಾ ಗುಟ್‌ಮನ್ ಅಂಥ ಹೆಸರಾಂತ ಕಲಾವಿದರು. ಹತ್ತೊಂಬತ್ತರಲ್ಲಿ ಅವರ ಕೈಕೆಳಗೆ ಮೊದಲ ಸಲ ಮಾಹ್ಲರ್ ನುಡಿಸಿದವರು ಮೂವತ್ತರಲ್ಲಿ, ಮೂವತ್ತೈದರಲ್ಲಿ ಮತ್ತೆ ಅವರ ಎದುರು ಕೂತು ಅದೇ ಮಾಹ್ಲರ್ ನುಡಿಸಿದರು. ಲುಸರ್ನ್‌ನ ಆ ವಿಡಿಯೋಗಳನ್ನು ನೋಡಿ. ವಾದಕರು ಕಂಡಕ್ಟರನ್ನು ನೋಡುವುದಕ್ಕಿಂತ ಜಾಸ್ತಿ ಒಬ್ಬರನ್ನೊಬ್ಬರು ನೋಡುತ್ತಾರೆ. ಕ್ಯಾಮೆರಾ ಮುಂದೆ ನಗುತ್ತಾರೆ ಕೂಡ. ಇಷ್ಟು ಕಷ್ಟದ ಸಂಗೀತವನ್ನು ಇಷ್ಟು ಸಲುಗೆಯಿಂದ ನುಡಿಸುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ಇಪ್ಪತ್ತು ವರ್ಷದ ಹಿಂದೆ ಬಿತ್ತಿದ್ದರ ಬೆಳೆ ಅದು.

ಮೆಹ್ಲಿ ನಿಂತಲ್ಲೇ ನಿಂತರು. ಅಬ್ಬಾದೊ ಬಿಟ್ಟು ಹೋದವರ ಹಿಂದೆ ತಾವೇ ನಡೆದರು. ಇಬ್ಬರಲ್ಲಿ ಯಾರು ಹೆಚ್ಚು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಒಂದು ಮಾತು ಒಪ್ಪಬೇಕು. ಅಬ್ಬಾದೊ ಆರ್ಕೆಸ್ಟ್ರಾಗಳಿಗೆ ಬಂದವರು ಮೊದಲೇ ಚೆನ್ನಾಗಿ ಕಲಿತು ಬಂದ ಮಕ್ಕಳು. ಮನೆಯಲ್ಲಿ ವಾದ್ಯ ಇದ್ದವರು, ಒಳ್ಳೆಯ ಗುರು ಸಿಕ್ಕವರು. ಬಿಲ್ಲು ಹಿಡಿಯುವುದನ್ನು ಹೇಳಿಕೊಡುವ ಕೆಲಸ ಅಲ್ಲಿರಲಿಲ್ಲ. ಅದನ್ನು ಮಾಡಿದವರು ವೆನೆಜುವೆಲಾದಲ್ಲಿದ್ದರು.

ಹೋಸೆ ಆಂಟೋನಿಯೊ ಅಬ್ರೆಯು ಅರ್ಥಶಾಸ್ತ್ರ ಓದಿದವರು, ಸಂಗೀತವನ್ನೂ ಕಲಿತವರು. 1975ರಲ್ಲಿ ಕರಾಕಸ್ ನಗರದ ಒಂದು ಗ್ಯಾರೇಜ್‌ನಲ್ಲಿ ಅವರು ಮೊದಲ ತಾಲೀಮು ಕರೆದಾಗ ಬಂದವರು 11 ಜನ. ಅದು ಬೆಳೆದು ದೇಶದ ತುಂಬಾ ಸಂಗೀತ ಕೇಂದ್ರಗಳಾದವು. ಬಡ ಮಕ್ಕಳಿಗೆ ವಾದ್ಯ ಪುಕ್ಕಟೆ, ಪಾಠ ಪುಕ್ಕಟೆ. ಎಲ್ ಸಿಸ್ತೆಮಾ ಅಂತ ಲೋಕಕ್ಕೆ ಗೊತ್ತಾದದ್ದು ಇದೇ. ಬಾರ್ಕಿಸಿಮೆತೊ ಊರಿನಲ್ಲಿ 1981ರಲ್ಲಿ ಹುಟ್ಟಿದ ಗುಸ್ತಾವೊ ದುದಾಮೆಲ್ ಅಲ್ಲೇ ಪಿಟೀಲು ಕಲಿತರು. ಅವರ ಅಪ್ಪ ಸಾಲ್ಸಾ ಅನ್ನುವ ಕುಣಿತದ ಸಂಗೀತದ ತಂಡದಲ್ಲಿ ಟ್ರಾಂಬೋನ್ ಅನ್ನುವ ಊದುವ ವಾದ್ಯ ನುಡಿಸುತ್ತಿದ್ದರು. 1999ರಲ್ಲಿ, ಹದಿನೆಂಟನೇ ವಯಸ್ಸಿಗೆ, ಮಗ ಆ ದೇಶದ ಮುಖ್ಯ ಯೂತ್ ಆರ್ಕೆಸ್ಟ್ರಾದ ಸಂಗೀತ ನಿರ್ದೇಶಕ. ತನ್ನ ವಯಸ್ಸಿನವರನ್ನೇ, ಜೊತೆಗೆ ಬೆಳೆದವರನ್ನೇ ನಡೆಸುವ ಕೆಲಸ. 2004ರಲ್ಲಿ ಜರ್ಮನಿಯ ಬಾಂಬರ್ಗ್‌ನಲ್ಲಿ ಮಾಹ್ಲರ್ ಸ್ಪರ್ಧೆ ಗೆದ್ದರು. 2007ರಲ್ಲಿ ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವದಲ್ಲಿ ಆ ಮಕ್ಕಳು ಶೊಸ್ತಕೋವಿಚ್ ಹತ್ತನೆಯ ಸಿಂಫನಿ ನುಡಿಸಿ, ಕೊನೆಗೆ ವೆನೆಜುವೆಲಾ ಬಾವುಟದ ಬಣ್ಣದ ಜಾಕೆಟ್ ತೊಟ್ಟು ಕುಣಿಯುತ್ತಾ ನುಡಿಸಿದ್ದನ್ನು ಲೋಕವೇ ನೋಡಿತು.

ಅಬ್ಬಾದೊ ಕೊನೆಯ ವರ್ಷಗಳಲ್ಲಿ ಮತ್ತೆ ಮತ್ತೆ ಕರಾಕಸ್‌ಗೆ ಹೋಗಿ ಈ ಮಕ್ಕಳ ಜೊತೆ ಕೆಲಸ ಮಾಡಿದರು. 2010ರಲ್ಲಿ ಅವರನ್ನು ಲುಸರ್ನ್‌ಗೆ ಕರೆಸಿ ಚೈಕೋವ್‌ಸ್ಕಿಯ ಆರನೆಯ ಸಿಂಫನಿ ನುಡಿಸಿದರು. ಯಾವಾಗಲೂ ಹುರುಪಿಗೆ ಹೆಸರಾದ ಆ ಮಕ್ಕಳು ಅವತ್ತು ಎಷ್ಟು ಮೆಲ್ಲಗೆ ನುಡಿಸುತ್ತಾರೆ ಅಂದರೆ ನಾನು ನನ್ನ ವಿದ್ಯಾರ್ಥಿಗಳಿಗೆ ಆ ಕೊನೆಯ ಭಾಗವನ್ನು ಪ್ರತಿ ವರ್ಷ ಕೇಳಿಸುತ್ತೇನೆ. ಅಲ್ಲಿಂದ ಬಂದ ಎಡಿಕ್ಸನ್ ರೂಯಿಸ್ ಅನ್ನುವ ಡಬಲ್ ಬಾಸ್ ವಾದಕ ಹದಿನೇಳನೇ ವಯಸ್ಸಿಗೇ ಬರ್ಲಿನ್ ಫಿಲ್ಹಾರ್ಮೋನಿಕ್ ಸೇರಿದರು.

ಬಿಟ್ಟು ಹೋಗುವ ಸಮಸ್ಯೆಗೆ ವೆನೆಜುವೆಲಾದವರು ಮೂರನೆಯ ಉತ್ತರ ಕಂಡುಕೊಂಡರು. ದುದಾಮೆಲ್ ಜೊತೆಗಾರರು ಮೂವತ್ತರ ಹತ್ತಿರ ಬಂದಾಗ ಅವರನ್ನು ಕಳಿಸಲಿಲ್ಲ. 2011ರಲ್ಲಿ ಆರ್ಕೆಸ್ಟ್ರಾದ ಹೆಸರಿನಿಂದ ಯೂತ್ ಅನ್ನುವುದನ್ನೇ ತೆಗೆದುಬಿಟ್ಟರು!

ಆದರೆ ಸರ್ಕಾರದ ಹಣದಲ್ಲಿ ಬೆಳೆದದ್ದಕ್ಕೆ ಸರ್ಕಾರದ ನೆರಳೂ ಇರುತ್ತದೆ. ದೇಶ ಹದಗೆಡುತ್ತಿದ್ದಾಗ ದುದಾಮೆಲ್ ಬಹಳ ಕಾಲ ಮಾತಾಡಲಿಲ್ಲ, ಅದಕ್ಕೆ ಟೀಕೆ ಕೇಳಿದರು. 2017ರ ಮೇ ತಿಂಗಳಲ್ಲಿ ಕರಾಕಸ್‌ನ ಪ್ರತಿಭಟನೆಯಲ್ಲಿ ಎಲ್ ಸಿಸ್ತೆಮಾದ ಹುಡುಗ, ವಿಯೋಲಾ ವಾದಕ ಅರ್ಮಾಂದೊ ಕನ್ಯಿಸಾಲೆಸ್ ಸತ್ತ. ಆಗ ದುದಾಮೆಲ್ ಸರ್ಕಾರದ ವಿರುದ್ಧ ಬಾಯಿಬಿಟ್ಟು ಮಾತಾಡಿದರು. ಕೆಲವೇ ತಿಂಗಳಲ್ಲಿ ರಾಷ್ಟ್ರೀಯ ಯೂತ್ ಆರ್ಕೆಸ್ಟ್ರಾದ ಜೊತೆ ಅವರು ಹೊರಡಬೇಕಿದ್ದ ಅಮೆರಿಕ ಪ್ರವಾಸವನ್ನು ಸರ್ಕಾರ ರದ್ದು ಮಾಡಿತು. ತಿಂಗಳುಗಟ್ಟಲೆ ತಾಲೀಮು ಮಾಡಿದ ಮಕ್ಕಳು ಊರಲ್ಲೇ ಉಳಿದರು. ಅಲ್ಲಿನ ಬಿಗಿ ಶಿಸ್ತಿನ ಬಗ್ಗೆ, ಹುಡುಗಿಯರಿಗೆ ಆದ ಕಿರುಕುಳದ ಬಗ್ಗೆ ಹಿಂದಿನ ವಿದ್ಯಾರ್ಥಿಗಳೇ ದೂರಿದ್ದೂ ಇದೆ. ಇವನ್ನೆಲ್ಲ ಬಿಟ್ಟು ಬರೀ ಜಾಕೆಟ್ಟಿನ ಬಣ್ಣ ಹೇಳಿದರೆ ಅದು ಮೋಸ. ಮಕ್ಕಳನ್ನು ನಡೆಸುವವರ ಹೊಣೆ ತಾಲೀಮಿನ ಕೋಣೆಯ ಬಾಗಿಲಿಗೆ ಮುಗಿಯುವುದಿಲ್ಲ. ದುದಾಮೆಲ್ ಕೊನೆಗಾದರೂ ಮಾತಾಡಿದ್ದು ನನಗೆ ಅವರ ಎಷ್ಟೋ ಕಛೇರಿಗಳಿಗಿಂತ ದೊಡ್ಡದು.

ಈ ಎಲ್ಲ ಕೆಲಸ ನಿಂತಿರುವುದು ದುಡ್ಡಿನ ಮೇಲೆ. ಅದನ್ನು ಹೇಳದೆ ಮುಗಿಸಲಾಗದು. 2016ರ ಮೇ ತಿಂಗಳಲ್ಲಿ ಯುರೋಪಿಯನ್ ಯೂನಿಯನ್ ಯೂತ್ ಆರ್ಕೆಸ್ಟ್ರಾ ಮುಚ್ಚುತ್ತೇವೆ ಅಂತ ಘೋಷಿಸಿತು. ಯೂನಿಯನ್‌ನಿಂದ ಬರುತ್ತಿದ್ದ ಹಣ ನಿಂತಿತ್ತು. ಹಳೆಯ ವಿದ್ಯಾರ್ಥಿಗಳು, ಕಂಡಕ್ಟರ್‌ಗಳು ಎಲ್ಲ ಸೇರಿ ಗಲಾಟೆ ಎಬ್ಬಿಸಿದ ಮೇಲೆ ಕೆಲವೇ ವಾರಗಳಲ್ಲಿ ಹಣ ಬಂತು, ಆರ್ಕೆಸ್ಟ್ರಾ ಉಳಿಯಿತು. ಬ್ರಿಟನ್ ಯೂನಿಯನ್ ಬಿಡುವುದು ಖಾತ್ರಿಯಾದ ಮೇಲೆ ಅದು ಲಂಡನ್ನಿನಿಂದ ಇಟಲಿಯ ಫೆರಾರಾ ಊರಿಗೆ ಬಂತು. ಅಲ್ಲಿನ ನಾಟಕಶಾಲೆಗೆ ಈಗ ಅಬ್ಬಾದೊ ಹೆಸರು.

ಮೆಹ್ಲಿ ಮೆಹ್ತಾ ಅವರ ಆರ್ಕೆಸ್ಟ್ರಾಗೆ ಆ ಅದೃಷ್ಟ ಇರಲಿಲ್ಲ. ಅಮೆರಿಕನ್ ಯೂತ್ ಸಿಂಫನಿ 2024ರಲ್ಲಿ ಮುಚ್ಚಿತು. ಕೋವಿಡ್ ಆದ ಮೇಲೆ ಖರ್ಚು ತೂಗಿಸಲಾಗಲಿಲ್ಲ. ಸರಿಯಾಗಿ 60 ವರ್ಷ ನಡೆದ ಸಂಸ್ಥೆ. ಮುಂಬೈನಿಂದ ಹೊರಟು ಎರಡು ದೇಶ ಸುತ್ತಿದ ಒಬ್ಬರು 56ರಲ್ಲಿ ಕಟ್ಟಿದ್ದು. ಈ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ನನ್ನ ಕಣ್ಣಿಗೆ ಬೀಳಲೇ ಇಲ್ಲ. ಮುಂಬೈನಲ್ಲಿ ಅವರ ಹೆಸರಿನ ಪ್ರತಿಷ್ಠಾನ ಮಕ್ಕಳಿಗೆ ಸಂಗೀತ ಕಲಿಸುತ್ತಿದೆ ಅನ್ನುವುದು ಒಂದು ಸಮಾಧಾನ.

2013ರ ಆಗಸ್ಟ್ ಕೊನೆಯಲ್ಲಿ ಇಟಲಿಯ ರಾಷ್ಟ್ರಪತಿ ಅಬ್ಬಾದೊ ಅವರನ್ನು ಆಜೀವ ಸೆನೆಟರ್ ಮಾಡಿದರು. ಆ ಸ್ಥಾನಕ್ಕೆ ಸಂಬಳ ಇದೆ. ಅಷ್ಟೂ ಸಂಬಳವನ್ನು ಅವರು ಫ್ಲಾರೆನ್ಸ್ ಪಕ್ಕದ ಫಿಯೆಜೊಲೆ ಸಂಗೀತ ಶಾಲೆಗೆ ಬರೆದುಕೊಟ್ಟರು, ಮಕ್ಕಳ ವಿದ್ಯಾರ್ಥಿವೇತನಕ್ಕೆ ಅಂತ. ಆ ಶಾಲೆ ಕಟ್ಟಿದವರು ವಿಯೋಲಾ ವಾದಕ ಪಿಯೆರೊ ಫರೂಲಿ. ಇಟಲಿಯ ಯೂತ್ ಆರ್ಕೆಸ್ಟ್ರಾ 1984ರಲ್ಲಿ ಶುರುವಾದದ್ದೂ ಅಲ್ಲೇ. ಆ ಸಂಬಳ ಜಾಸ್ತಿ ದಿನ ಬರಲಿಲ್ಲ. 2014ರ ಜನವರಿ 20ರಂದು ಅಬ್ಬಾದೊ ಬೊಲೋನ್ಯಾದ ತಮ್ಮ ಮನೆಯಲ್ಲಿ ತೀರಿಕೊಂಡರು. ಆ ವರ್ಷದ ಈಸ್ಟರ್‌ಗೆ ಮಾಹ್ಲರ್ ಯೂತ್ ಆರ್ಕೆಸ್ಟ್ರಾದವರು ಬೇರೆ ಕಂಡಕ್ಟರ್ ಜೊತೆ ಎಂದಿನಂತೆ ಪ್ರವಾಸ ಹೊರಟರು.